ಹಳದಿಯೊಳಗಿನ ಹಳದಿಗಳು

ಕಣ್ಣಿಗೆ ಒಳ್ಳೆಯದೆಂದು ಮಾರುವ ಮಾತ್ರೆಗಳ ಡಬ್ಬಿಯ ಮೇಲೆ ‘ಲ್ಯೂಟೀನ್ 10 ಮಿ.ಗ್ರಾಂ., ಜಿಯಾಕ್ಸಾಂಥಿನ್ 2 ಮಿ.ಗ್ರಾಂ.’ ಎಂದು ಎರಡು ಸಾಲು ಇರುವುದುಂಟು. ಎರಡೂ ಕ್ಯಾರೊಟಿನಾಯ್ಡ್‌ಗಳು, ಎರಡೂ ಹಳದಿ. ಅಣುಸೂತ್ರವೂ ಒಂದೇ, ಒಂದು ಜೋಡಿಬಂಧದ ಜಾಗ ಮಾತ್ರ ಬೇರೆ. ಇವೆರಡನ್ನು ಬಿಡಿಸಿ ಅಳೆಯುವ ವಿದ್ಯೆಯನ್ನು ಕೊಟ್ಟವನ ಹೆಸರು ಮಿಖಾಯಿಲ್ ತ್ಸ್ವೆತ್. ಅವನಿಗೆ ಆದ ಅನ್ಯಾಯ ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ತ್ಸ್ವೆತ್ ರಷ್ಯನ್ ತಂದೆ, ಇಟಾಲಿಯನ್ ತಾಯಿಯ ಮಗ, ಸಸ್ಯಶಾಸ್ತ್ರಜ್ಞ. ವಾರ್ಸಾದಲ್ಲಿ ಪಾಠ ಹೇಳುತ್ತಿದ್ದ. ಗಾಜಿನ ಕೊಳವೆಗೆ ಸೀಮೆಸುಣ್ಣದ ನುಣ್ಣನೆಯ ಪುಡಿ ತುಂಬಿ, ಎಲೆಯ ಸಾರವನ್ನು ಮೇಲಿನಿಂದ ಸುರಿದ. ದ್ರಾವಕ ಇಳಿದಂತೆ ಹಸಿರು ಬೇರೆ, ಹಳದಿ ಬೇರೆಯಾಗಿ ಪಟ್ಟಿಗಳು ಮೂಡಿದವು. ಹಳದಿಯಲ್ಲೂ ಒಂದಲ್ಲ, ಹಲವು. 1903ರಲ್ಲಿ ಈ ಬಗೆಯನ್ನು ಉಪನ್ಯಾಸದಲ್ಲಿ ವಿವರಿಸಿದ, 1906ರಲ್ಲಿ ಜರ್ಮನ್ ಪತ್ರಿಕೆಯಲ್ಲಿ ಅದಕ್ಕೆ ಕ್ರೊಮಾಟೊಗ್ರಫಿ ಎಂದು ಹೆಸರಿಟ್ಟ. ‘ಕ್ಯಾರೊಟಿನಾಯ್ಡ್’ ಎಂಬ ಹೆಸರು ಕೂಡ ಅವನದೇ.

ರಸಾಯನಶಾಸ್ತ್ರಜ್ಞರು ಇದನ್ನು ಒಪ್ಪಲಿಲ್ಲ. ವಸ್ತುವನ್ನು ಹರಳುಗಟ್ಟಿಸಿ ಕೈಯಲ್ಲಿ ಹಿಡಿದರೆ ಮಾತ್ರ ಅವರಿಗೆ ನಂಬಿಕೆ. ಆ ಕೆಲಸದ ದೊರೆ ರಿಚರ್ಡ್ ವಿಲ್‌ಸ್ಟಾಟರ್. ಕ್ಯಾರೊಟಿನಾಯ್ಡ್ ಬಳಗದ ಕ್ಯಾರೊಟಿನ್‌ನ ಸರಿಯಾದ ಸೂತ್ರವನ್ನು 1907ರಲ್ಲಿ ಕಂಡವನು ಅವನೇ. 1912ರಲ್ಲಿ ಸುಮಾರು 6000 ಮೊಟ್ಟೆಗಳ ಹಳದಿಯಿಂದ ಕೆಲವೇ ಗ್ರಾಂ ಲ್ಯೂಟೀನ್ ಹರಳು ತೆಗೆದ. ಎಂಥ ತಾಳ್ಮೆ! ಆದರೆ ಪುಡಿಯ ಕೊಳವೆಯಲ್ಲಿ ಎಲೆಯ ಹಸಿರು ಕೆಡುತ್ತದೆ ಎಂದು ಅವನು ಹೇಳಿದ್ದೇ ತಡ, ಉಳಿದವರಲ್ಲಿ ಬಹುತೇಕರು ಕೊಳವೆಯತ್ತ ತಿರುಗಿ ನೋಡಲಿಲ್ಲ. 1915ರಲ್ಲಿ ವಿಲ್‌ಸ್ಟಾಟರ್‌ಗೆ ನೊಬೆಲ್ ಬಂತು. ಅದೇ ವರ್ಷ ಯುದ್ಧ ವಾರ್ಸಾಕ್ಕೆ ಬಂದು ತ್ಸ್ವೆತ್ ಊರು ಬಿಟ್ಟ. ಊರಿಂದೂರಿಗೆ ಅಲೆದು, ಕಾಯಿಲೆಯಿಂದ ಬಳಲಿ, 1919ರಲ್ಲಿ ವೊರೊನೆಜ್‌ನಲ್ಲಿ ತೀರಿಕೊಂಡಾಗ ಅವನಿಗೆ 47.

ಆದರೆ ಅದೇ ವಿಲ್‌ಸ್ಟಾಟರ್ ಬಳಿ ತ್ಸ್ವೆತ್‌ನ ರಷ್ಯನ್ ಪುಸ್ತಕದ ಜರ್ಮನ್ ಅನುವಾದದ ಹಸ್ತಪ್ರತಿಯೊಂದು ಇತ್ತು! ಅದನ್ನು ಶಿಷ್ಯ ರಿಚರ್ಡ್ ಕೂನ್‌ಗೆ ಕೊಟ್ಟಿದ್ದ. 1930ರಲ್ಲಿ ಹೈಡಲ್‌ಬರ್ಗ್‌ನ ಕೂನ್ ಪ್ರಯೋಗಾಲಯಕ್ಕೆ ಎಡ್ಗರ್ ಲೆಡರರ್ ಎಂಬ ಯುವಕ ಬಂದ. ಕೂನ್ ಹಸ್ತಪ್ರತಿಯನ್ನು ಅವನ ಕೈಗಿತ್ತ. ಲೆಡರರ್ ಓದಿದ, ಕೊಳವೆಗೆ ಪುಡಿ ತುಂಬಿದ, ಮೊಟ್ಟೆಯ ಹಳದಿಯ ಸಾರ ಸುರಿದ. ಒಂದೇ ಎಂದುಕೊಂಡಿದ್ದ ‘ಲ್ಯೂಟೀನ್’ ಎರಡಾಗಿ ನಿಂತಿತು: ಲ್ಯೂಟೀನ್ ಮತ್ತು ಜಿಯಾಕ್ಸಾಂಥಿನ್. ಕ್ಯಾರೊಟಿನ್ ಕೂಡ ಆಲ್ಫಾ, ಬೀಟಾ ಎಂದು ಒಡೆಯಿತು. 6000 ಮೊಟ್ಟೆಗಳ ಶ್ರಮಕ್ಕೆ ಕಾಣದ್ದು ಒಂದು ಕೊಳವೆಯಲ್ಲಿ ಕಂಡಿತ್ತು. ಕಾಲು ಶತಮಾನ ಆಗಲೇ ಪೋಲಾಗಿತ್ತು.

ಅಲ್ಲಿಂದ ಮುಂದಿನದು ಉಪಕರಣಗಳ ಕಥೆ. ದ್ರಾವಕವನ್ನು ಹೆಚ್ಚಿನ ಒತ್ತಡದಲ್ಲಿ ಕೊಳವೆಯೊಳಗೆ ಹರಿಸುವ ಎಚ್‌ಪಿಎಲ್‌ಸಿ ಯಂತ್ರ ಬಂತು. 1994ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ವಿಜ್ಞಾನಿಗಳು ಕ್ಯಾರೊಟಿನಾಯ್ಡ್‌ಗಳಿಗೆಂದೇ ಸಿ-30 ಎಂಬ ಕೊಳವೆ (ಕಾಲಂ) ರೂಪಿಸಿದರು. ಅಣುವಿನ ನೇರ, ಬಾಗಿದ ರೂಪಗಳೂ ಅದರಲ್ಲಿ ಬೇರೆಯಾಗುತ್ತವೆ.

ಇಷ್ಟಾದರೂ ಹಳೆಯ ಅಡ್ಡದಾರಿ ಮುಚ್ಚಿಲ್ಲ. ಮಾತ್ರೆಯ ಸಾರವನ್ನು ದ್ರಾವಕದಲ್ಲಿ ಕರಗಿಸಿ, ಸುಮಾರು 450 ನ್ಯಾನೊಮೀಟರ್ ಬೆಳಕನ್ನು ಎಷ್ಟು ಹೀರುತ್ತದೆಂದು ನೋಡಿ, ‘ಒಟ್ಟು ಕ್ಯಾರೊಟಿನಾಯ್ಡ್’ ಎಂದು ಬರೆದರೆ ಆಯಿತು. ಅಗ್ಗ, ಬೇಗ. ಆದರೆ ಆ ಅಂಕಿಗೆ ಯಾವ ಹಳದಿ ಎಷ್ಟು ಎಂಬುದು ತಿಳಿಯದು. ಮಾತ್ರೆಯ ಲ್ಯೂಟೀನ್‌ಗೆ ಮೂಲವಾಗುವ ಚೆಂಡುಹೂವನ್ನೇ ನೋಡಿ. ನಮ್ಮ ಗುಂಡ್ಲುಪೇಟೆಯ ಹೊಲಗಳಲ್ಲೂ ಬಣ್ಣದ ಕಾರ್ಖಾನೆಗಳಿಗೆಂದು ಬೆಳೆಯುವ ಆ ಹೂವಿನಲ್ಲಿ ಲ್ಯೂಟೀನ್ ಬಿಡಿಯಾಗಿರದೆ ಕೊಬ್ಬಿನ ಆಮ್ಲಗಳಿಗೆ ಅಂಟಿಕೊಂಡು ಎಸ್ಟರ್ ಆಗಿರುತ್ತದೆ. ಎರಡು ಪಾಲ್ಮಿಟಿಕ್ ಆಮ್ಲ ಅಂಟಿದ ಎಸ್ಟರ್ 10 ಮಿ.ಗ್ರಾಂ. ಇದ್ದರೆ ನಿಜವಾದ ಲ್ಯೂಟೀನ್ ಸುಮಾರು 5.4 ಮಿ.ಗ್ರಾಂ. ಮಾತ್ರ. ಅದಕ್ಕೇ ಜಾಗರೂಕ ಪ್ರಯೋಗಾಲಯ ಮೊದಲು ಕ್ಷಾರ ಹಾಕಿ ಎಸ್ಟರ್ ಒಡೆಯುತ್ತದೆ, ಇಲ್ಲವೇ ಫಲಿತಾಂಶವನ್ನು ಎಸ್ಟರ್ ಲೆಕ್ಕ ಎಂದೇ ಬರೆಯುತ್ತದೆ. ಮಾತ್ರೆಯಲ್ಲಿ ಜೆಲಾಟಿನ್ ಹೊದಿಕೆಯ ಸಣ್ಣ ಮಣಿಗಳಿದ್ದರೆ ಕಿಣ್ವ ಹಾಕಿ ಹೊದಿಕೆ ಕರಗಿಸಬೇಕು. ಇಲ್ಲದಿದ್ದರೆ ಒಳಗಿನ ಬಣ್ಣ ಹೊರಗೇ ಬಾರದೆ ಅಳತೆ ಕಡಿಮೆ ತೋರುತ್ತದೆ. ಬೆಳಕು, ಬಿಸಿ, ಗಾಳಿ ಮೂರೂ ಈ ಬಣ್ಣಗಳಿಗೆ ಶತ್ರು. ಆದ್ದರಿಂದ ಮಂದ ಬೆಳಕಿನಲ್ಲೇ ಕೆಲಸ.

ಬಿಡಿಸಿ ಅಳೆಯಬೇಕೆಂಬುದು ಬರೀ ಅಚ್ಚುಕಟ್ಟಿನ ಹಟವಲ್ಲ. ಫಿನ್‌ಲೆಂಡ್‌ನಲ್ಲಿ ಧೂಮಪಾನಿ ಗಂಡಸರಿಗೆ ದಿನಕ್ಕೆ 20 ಮಿ.ಗ್ರಾಂ. ಬೀಟಾ ಕ್ಯಾರೊಟಿನ್ ಕೊಟ್ಟು ನಡೆಸಿದ ದೊಡ್ಡ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ಅದನ್ನು ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಬೀಡಿ, ಸಿಗರೇಟು ಸೇದುವವನು ಡಬ್ಬಿ ತಿರುಗಿಸಿ ಓದಿದಾಗ ‘ಒಟ್ಟು ಕ್ಯಾರೊಟಿನಾಯ್ಡ್’ ಎಂಬ ಒಂದೇ ಅಂಕಿ ಇದ್ದರೆ, ಅದರಲ್ಲಿ ಬೀಟಾ ಎಷ್ಟೆಂದು ಅವನಿಗೆ ಹೇಳುವವರು ಯಾರೂ ಇಲ್ಲ.