‘ಜಮೀನು’ ಒತ್ತಿದರೆ ‘ರಸಘಲಹ’!

ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ. ತಾಲ್ಲೂಕು ಕಚೇರಿಯ ದಾರಿಯಲ್ಲಿರುವ ಟೈಪಿಂಗ್ ಅಂಗಡಿಯೊಂದರಲ್ಲಿ ಜೆರಾಕ್ಸ್ ಮಾಡಿಸಲು ನಿಂತಿದ್ದೆ. ಅಂಗಡಿಯ ಹುಡುಗ ಲ್ಯಾಪ್‌ಟಾಪಿನ ಮುಂದೆ ಬೆವರುತ್ತಿದ್ದ. ಆತ ‘ಜಮೀನು’ ಎಂದು ಒತ್ತುತ್ತಾನೆ, ಪರದೆಯ ಮೇಲೆ ‘ರಸಘಲಹ’ ಎಂದು ಬೀಳುತ್ತದೆ. ಅಳಿಸಿ ಮತ್ತೆ ಒತ್ತುತ್ತಾನೆ, ಮತ್ತೆ ರಸಘಲಹ!

‘ಏನಪ್ಪಾ, ಒಂದು ಅರ್ಜಿಗೆ ಇಷ್ಟೊತ್ತಾ?’ ಎಂದರು ಎದುರಿಗೆ ಕುಳಿತಿದ್ದ ಹಿರಿಯರು.

‘ಕೀಬೋರ್ಡೇ ಹೋಗ್ಬಿಟ್ಟೈತೆ ತಾತಾ. ಕೋಲಾರಕ್ಕೆ ಹೋಗಿ ಹೊಸದು ಹಾಕಿಸ್ಬೇಕು.’

ಹುಡುಗನಿಗೆ ಅದು ಕೆಲವು ದಿನಗಳ ಸಂಪಾದನೆ. ಹಿರಿಯರಿಗೆ ಇನ್ನೊಂದು ದಿನ, ಇನ್ನೊಂದು ಬಸ್ ಚಾರ್ಜು. ನಿಜ ಹೇಳಬೇಕೆಂದರೆ ಆ ಕೀಲಿಮಣೆಗೆ ಏನೂ ಆಗಿರಲಿಲ್ಲ.

ಹಳೆಯ ಬೆರಳಚ್ಚು ಯಂತ್ರದಲ್ಲಿ ಕೀಲಿಗೂ ಅಚ್ಚಿಗೂ ನೇರ ನಂಟು. ‘ಕ’ ಒತ್ತಿದರೆ ‘ಕ’ದ ಅಚ್ಚೇ ಮೇಲೆದ್ದು ಕಾಗದಕ್ಕೆ ಬಡಿಯಬೇಕು. ಗಣಕಯಂತ್ರದಲ್ಲಿ ಈ ನಂಟು ಕಡಿದಿದೆ. ಕೀಲಿ ಕಳಿಸುವುದು ಅಕ್ಷರವನ್ನಲ್ಲ, ತಾನು ಎಷ್ಟನೆಯ ಕೀಲಿ ಎಂಬ ಸಂಖ್ಯೆಯನ್ನು ಮಾತ್ರ. ಆ ಸಂಖ್ಯೆಗೆ ಯಾವ ಅಕ್ಷರ ಎಂಬುದನ್ನು ಒಳಗಿರುವ ಒಂದು ಪಟ್ಟಿ ತೀರ್ಮಾನಿಸುತ್ತದೆ. ಪಟ್ಟಿ ಬದಲಾದರೆ ಅಕ್ಷರವೂ ಬದಲು!

ಕನ್ನಡಕ್ಕಂತೂ ಇಂಥ ಪಟ್ಟಿಗಳು ಒಂದಕ್ಕಿಂತ ಹೆಚ್ಚು. ‘ನುಡಿ’ ತಂತ್ರಾಂಶದಲ್ಲಿ ಬಳಕೆಯಾದದ್ದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಇದರಲ್ಲಿ ಇಂಗ್ಲಿಷಿನ ‘ಜೆ’ ಒತ್ತಿದರೆ ಜ, ‘ಎಮ್’ ಒತ್ತಿದರೆ ಮ. ಒತ್ತಕ್ಷರಕ್ಕೆ ‘ಎಫ್’ ಕೊಂಡಿ. ವಿಂಡೋಸ್ ಜೊತೆಗೇ ಬರುವ ‘ಇನ್‌ಸ್ಕ್ರಿಪ್ಟ್’ ವಿನ್ಯಾಸದ ದಾರಿಯೇ ಬೇರೆ. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಒಪ್ಪಿದ ಈ ವಿನ್ಯಾಸದಲ್ಲಿ ಕನ್ನಡ, ತೆಲುಗು, ಹಿಂದಿ ಎಲ್ಲಕ್ಕೂ ‘ಕ’ ಒಂದೇ ಜಾಗದಲ್ಲಿದೆ. ಕನ್ನಡ-ತೆಲುಗು ಎರಡೂ ಆಡುವ ನಮ್ಮ ಸೀಮೆಗೆ ಹೇಳಿ ಮಾಡಿಸಿದಂಥದ್ದು, ಆದರೆ ಕಲಿತವರು ಎಷ್ಟು ಮಂದಿ? ಅದರಲ್ಲಿ ‘ಜೆ’ ಕೀಲಿಗೆ ರ, ‘ಎಮ್’ಗೆ ಸ, ‘ಎನ್’ಗೆ ಲ. ಹುಡುಗನ ಬೆರಳುಗಳು ನುಡಿಯವು, ಒಳಗಿನ ಪಟ್ಟಿ ಇನ್‌ಸ್ಕ್ರಿಪ್ಟಿನದು. ಜಮೀನು ರಸಘಲಹವಾದದ್ದು ಹೀಗೆ.

ಪರದೆಯ ಬಲತುದಿಯ ಕೆಳಗೆ ಭಾಷೆಯ ಗುರುತು ಇರುತ್ತದೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಅದು ಬದಲಾಗುತ್ತದೆ. ಗೊತ್ತಿಲ್ಲದೆ ಬೆರಳು ತಗುಲಿದರೂ ಅಷ್ಟೇ! ಇಂಗ್ಲಿಷಿನಲ್ಲೂ ಈ ಆಟವಿದೆ. ಇಮೇಲ್ ವಿಳಾಸದ ‘ಅಟ್’ ಗುರುತು ಒತ್ತಿದರೆ ಉದ್ಧರಣ ಚಿಹ್ನೆ ಬಂತೇ? ಅಮೆರಿಕದ ಪಟ್ಟಿ ಹೋಗಿ ಬ್ರಿಟನ್ನಿನದು ಕೂತಿದೆ ಎಂದೇ ಅರ್ಥ.

ಹಳೆಯ ಪುಟ್ಟ ಲ್ಯಾಪ್‌ಟಾಪುಗಳದು ಇನ್ನೊಂದು ತಮಾಷೆ. ಇಂಗ್ಲಿಷಿನಲ್ಲಿ ಕೋಲಾರ ಎಂದು ಒತ್ತಿದರೆ ಮೊದಲ ಮೂರು ಅಕ್ಷರಗಳ ಬದಲು 263, ಮುಳಬಾಗಿಲು ಎಂದರೆ 043! ಇದು ‘ನಮ್ ಲಾಕ್’ ಮಹಿಮೆ. ಅಂಕಿಗಳಿಗೆ ಬೇರೆ ಜಾಗವಿಲ್ಲದ್ದರಿಂದ ‘ಜೆ’, ‘ಕೆ’, ‘ಎಲ್’ ಕೀಲಿಗಳೇ 1, 2, 3 ಆಗುತ್ತವೆ. ‘ಎಫ್‌ಎನ್’ ಕೀಲಿಯ ಜೊತೆ ನಮ್ ಲಾಕ್ ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗುಪ್ತಪದ ಹೊಡೆಯುವಾಗ ಪರದೆಯಲ್ಲಿ ಬರೀ ಚುಕ್ಕೆಗಳೇ ಕಾಣುವುದರಿಂದ ಈ ತಪ್ಪು ಗೊತ್ತೇ ಆಗುವುದಿಲ್ಲ. ಮೂರು ಸಲ ತಪ್ಪಿ ಬ್ಯಾಂಕಿನ ಖಾತೆಗೆ ಬೀಗ ಬೀಳುವ ಮೊದಲು ಗುಪ್ತಪದವನ್ನು ಬೇರೆ ಕಡೆ ಹೊಡೆದು ನೋಡಿ, ಆಮೇಲೆ ಅಳಿಸಿಬಿಡಿ.

ಕೀಲಿಮಣೆ ನಿಜವಾಗಿಯೂ ಕೆಡುವುದಿಲ್ಲವೇ? ಕೆಡುತ್ತದೆ. ಮಾಲೂರಿನ ಇಟ್ಟಿಗೆ ಗೂಡುಗಳ ಪಕ್ಕದ ಅಂಗಡಿಯಲ್ಲಿ ಕೀಲಿಯಡಿ ದೂಳು ಕೂರದೆ ಇರುತ್ತದೆಯೇ? ಮಗುಚಿ ಹಿಡಿದು ಮೆತ್ತನೆ ಬ್ರಷ್ಷಿನಲ್ಲಿ ತೆಗೆಯಬಹುದು. ಚಹಾ ಚೆಲ್ಲಿದರೆ ಕಷ್ಟ. ಕೀಲಿಗಳ ಕೆಳಗೆ ಅಡ್ಡ, ಉದ್ದ ಎಳೆಗಳ ಬಲೆಯಿದೆ. ಸಕ್ಕರೆ ನೀರು ಎರಡು ಎಳೆಗಳನ್ನು ಕೂಡಿಸಿದರೆ ಒಂದು ಕೀಲಿಗೆ ಎರಡು ಅಕ್ಷರ ಬೀಳುತ್ತವೆ. ತಕ್ಷಣ ಆರಿಸಿ, ಚಾರ್ಜರ್ ಕಿತ್ತು, ಬೋರಲು ಹಾಕಿ. ಒಣಗುವ ತನಕ ಮುಟ್ಟಬೇಡಿ.

ದೋಷ ಪಟ್ಟಿಯದೋ ಕೀಲಿಯದೋ ತಿಳಿಯಲು ಖರ್ಚಿಲ್ಲದ ಉಪಾಯವಿದೆ. ವಿಂಡೋಸ್, ಕಂಟ್ರೋಲ್, ‘ಓ’ ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೊಂದು ಕೀಲಿಮಣೆ ಮೂಡುತ್ತದೆ. ಅದರಲ್ಲೇ ಬೇರೆ ಅಕ್ಷರಗಳು ಕಂಡರೆ ಪಟ್ಟಿ ಬದಲಾಗಿದೆ. ಅಲ್ಲಿ ಮೌಸಿನಿಂದ ಒತ್ತಿದಾಗ ಸರಿ ಬಂದು, ಬೆರಳಿನಿಂದ ಒತ್ತಿದಾಗ ತಪ್ಪು ಬಂದರೆ ನಮ್ ಲಾಕ್ ನೋಡಿ. ಅದೂ ಅಲ್ಲವಾದರೆ ರಿಪೇರಿಯವರ ಹತ್ತಿರ ಹೋಗಿ.

ಹುಡುಗ ಭಾಷೆಯ ಗುರುತನ್ನು ಇಂಗ್ಲಿಷಿಗೆ ತಂದು ನುಡಿಯನ್ನು ಮತ್ತೆ ತೆರೆದ. ‘ಜಮೀನು’ ಜಮೀನಾಗಿಯೇ ಬಂತು. ಆದರೆ ಹಿರಿಯರು ಸುಲಭಕ್ಕೆ ಒಪ್ಪುವವರಲ್ಲ. ನಮ್ಮ ಕಡೆ ಒಬ್ಬನೇ ಮನುಷ್ಯ ಪಹಣಿಯಲ್ಲಿ ‘ರವಣಪ್ಪ’, ಆಧಾರ್‌ನಲ್ಲಿ ‘ರಮಣಪ್ಪ’ ಆಗಿ, ಆ ಒಂದಕ್ಷರಕ್ಕಾಗಿ ಕಚೇರಿ ಸುತ್ತುವುದನ್ನು ಅವರು ಕಂಡವರು.

‘ನನ್ನ ಹೆಸರು ಒಂದೊಂದೇ ಅಕ್ಷರ ಓದಪ್ಪಾ’ ಎಂದರು. ಹುಡುಗ ಓದಿದ. ಇನ್ನೊಂದು ಸಲ ಓದಿಸಿದರು. ಆಮೇಲೆ ಜೇಬಿನಿಂದ ದುಡ್ಡು ತೆಗೆದರು.