ನೆರಳು ಕಟ್ಟುವ ವಿದ್ಯಾರ್ಥಿಗಳು

ನಾಲ್ಕು ಕಂಬ ನೆಟ್ಟು, ಮೇಲೆ ಶೀಟು ಹೊದಿಸಿ, ಕೆಳಗೆ ಎರಡು ಕಲ್ಲುಬೆಂಚು ಹಾಕಿಬಿಟ್ಟರೆ ಪಾರ್ಕಿನಲ್ಲಿ ನೆರಳಿನ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಅಂಥ ಒಂದು ಮಂಟಪದ ಹತ್ತಿರ ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನ ಮೂರೂವರೆಗೆ ಹೋಗಿ ನಿಲ್ಲಬೇಕು. ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯ ಪಡುವಣದ ಆಕಾಶದಲ್ಲಿ ಅರ್ಧ ಇಳಿದಿರುತ್ತಾನೆ. ಹತ್ತಡಿ ಎತ್ತರದ ಚಾವಣಿಯ ನೆರಳು ಹೆಚ್ಚುಕಡಿಮೆ ಹತ್ತಡಿ ಪೂರ್ವಕ್ಕೆ ಸರಿದು ಹುಲ್ಲಿನ ಮೇಲೆ ಬಿದ್ದಿರುತ್ತದೆ. ಬೆಂಚಿನ ಮೇಲೆ ಬಿಸಿಲು. ಬೆಳಗಿನಿಂದ ಕಾದ ಶೀಟು ಕೆಳಗೆ ಕೂತವರ ನೆತ್ತಿಗೆ ಶಾಖ ಬಿಡುತ್ತಿರುತ್ತದೆ. ಕಟ್ಟಿದವರು ನಕ್ಷೆಯಲ್ಲಿ ನೆರಳನ್ನು ಚಾವಣಿಯ ನೇರ ಕೆಳಗೇ ಬರೆದಿದ್ದರು, ಅಷ್ಟೆ.

ಇದನ್ನು ಡ್ರಾಯಿಂಗ್ ಬೋರ್ಡಿನ ಮುಂದೆ ಕೂತು ಕಲಿಯಬಹುದು, ನಿಜ. ಆದರೆ ತಾನು ಮೊಳೆ ಹೊಡೆದ ಚಾವಣಿಯ ಕೆಳಗೆ ಒಬ್ಬ ಅಜ್ಜಿ ಬಿಸಿಲಿಗೆ ಮುಖ ತಿರುಗಿಸಿ ಕೂತಿದ್ದನ್ನು ಕಂಡ ವಿದ್ಯಾರ್ಥಿ ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಈ ನಂಬಿಕೆಯ ಮೇಲೆಯೇ ನಿಂತ ವಾಸ್ತುಶಿಲ್ಪ ಶಾಲೆಯೊಂದು ಅಮೆರಿಕದ ಅಲಬಾಮಾ ರಾಜ್ಯದಲ್ಲಿದೆ. ಹೆಸರು ರೂರಲ್ ಸ್ಟುಡಿಯೊ. ಆಬರ್ನ್ ವಿಶ್ವವಿದ್ಯಾಲಯದ ಮೇಷ್ಟ್ರುಗಳಾದ ಸ್ಯಾಮ್ಯುಯೆಲ್ ಮಾಕ್‌ಬಿ ಮತ್ತು ಡಿ.ಕೆ. ರೂತ್ 1993ರಲ್ಲಿ ಇದನ್ನು ಶುರುಮಾಡಿದರು. ಕ್ಯಾಂಪಸ್ಸಿನಿಂದ ದೂರ, ಹೇಲ್ ಕೌಂಟಿಯಲ್ಲಿ ಇದರ ಬಿಡಾರ. ನಮ್ಮ ಎರೆಭೂಮಿಯಂಥ ಕಪ್ಪು ಮಣ್ಣಿನ ಸೀಮೆ ಅದು. ಗುಲಾಮರ ದುಡಿಮೆಯ ಮೇಲೆ ಹತ್ತಿ ಬೆಳೆದು ಶ್ರೀಮಂತವಾಗಿ, ಆಮೇಲೆ ಬಡತನಕ್ಕೆ ಬಿದ್ದ ನೆಲ. ವಿದ್ಯಾರ್ಥಿಗಳು ಅಲ್ಲಿಗೇ ಹೋಗಿ ನೆಲೆಸಬೇಕು, ಊರಿನವರ ಜೊತೆ ಮಾತಾಡಬೇಕು, ಬರೆದ ನಕ್ಷೆಯನ್ನು ತಾವೇ ಕಟ್ಟಬೇಕು. ಮೊದಲ ವರ್ಷಗಳಲ್ಲಿ ಬಡವರಿಗೆ ಮನೆ ಕಟ್ಟಿಕೊಟ್ಟರು. 2001ರ ಕೊನೆಯಲ್ಲಿ ಮಾಕ್‌ಬಿ ಲ್ಯುಕೇಮಿಯಾದಿಂದ ತೀರಿಕೊಂಡರು. ಇಂಗ್ಲೆಂಡಿನಿಂದ ಬಂದ ಆ್ಯಂಡ್ರೂ ಫ್ರೀಯರ್ ಚುಕ್ಕಾಣಿ ಹಿಡಿದ ಮೇಲೆ ಊರಿಗೆಲ್ಲ ಸೇರಿದ ಕೆಲಸಗಳು, ಅದರಲ್ಲೂ ಪಾರ್ಕುಗಳು, ಹೆಚ್ಚು ಹೆಚ್ಚು ಕೈಗೆ ಬಂದವು.

ಪಕ್ಕದ ಪೆರಿ ಕೌಂಟಿಯಲ್ಲಿ, ಮೇರಿಯನ್ ಊರಿನ ಹತ್ತಿರ ಪೆರಿ ಲೇಕ್ಸ್ ಎಂಬ ಪಾರ್ಕಿದೆ. ಕೆರೆ, ಜೌಗು, ದಟ್ಟ ಮರ. ಬಹಳ ಕಾಲ ಮುಚ್ಚಿಕೊಂಡಿದ್ದ ಜಾಗ. ಅಲ್ಲಿ 2002ರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಒಂದು ಸಣ್ಣ ತಂಡ ಥೀಸಿಸ್ಸಿಗಾಗಿ ಒಂದು ಮಂಟಪ ಕಟ್ಟಿತು. ನೆಲದಿಂದ ಎತ್ತರಿಸಿದ ದೇವದಾರು ಹಲಗೆಯ ಜಗಲಿ, ಅದರ ಮೇಲೆ ತೆಳ್ಳಗೆ ಹಾಸಿದಂಥ ಮಾಡು. ಗೋಡೆಯಿಲ್ಲ. ಒಳಗೆ ಕೂತವರಿಗೆ ಮಳೆ, ಬಿಸಿಲು ಎರಡರಿಂದಲೂ ಮರೆ. ಕಣ್ಣಿಗೆ ಮಾತ್ರ ಕಾಡು ಪೂರ್ತಿ ತೆರೆದಿದೆ. ಮಾಡಿನ ಒಳಮೈಗೆ ಮರದ ಹಲಗೆ ಹೊಡೆಯುವುದು ಚೆಂದಕ್ಕಷ್ಟೇ ಅಲ್ಲ. ಮೇಲಿನ ಹೊದಿಕೆ ಎಷ್ಟೇ ಕಾದರೂ ನಡುವಿನ ಮರ ಆ ಶಾಖವನ್ನು ತಡೆಯುತ್ತದೆ. ನಮ್ಮ ಮಂಟಪಗಳಲ್ಲಿ ಶೀಟಿನ ಕೆಳಗೆ ಅಷ್ಟು ಮಾತ್ರದ ಒಂದು ಪದರ ಹಾಕಿದ್ದರೆ ಎಷ್ಟು ಜನ ಅಲ್ಲಿ ಕೂರುತ್ತಿದ್ದರೋ.

ಆದರೆ ನನಗೆ ಆ ಮಂಟಪಕ್ಕಿಂತ ಅದರ ನಂತರದ ಕಥೆ ದೊಡ್ಡದು. ಮುಂದಿನ ವರ್ಷದ ತಂಡ ಅದೇ ಪಾರ್ಕಿಗೆ ಬಂದು ಶೌಚಾಲಯ ಕಟ್ಟಿತು. ನೆರಳಿದ್ದು ಶೌಚಾಲಯವಿಲ್ಲದ ಪಾರ್ಕಿನಲ್ಲಿ ಹೆಂಗಸರು, ಮಕ್ಕಳು, ವಯಸ್ಸಾದವರು ಎಷ್ಟು ಹೊತ್ತು ಕೂತಾರು? 2004ರ ತಂಡ ಸೇತುವೆ ಕಟ್ಟಿತು. 2005ರ ತಂಡ ಕಾಡ್ಗಿಚ್ಚಿನ ಮೇಲೆ ಕಣ್ಣಿಡಲು ಬಳಸುತ್ತಿದ್ದ, ಕೆಲಸ ಮುಗಿದ ಹಳೆಯ ಗೋಪುರವೊಂದನ್ನು ತಂದು ನಿಲ್ಲಿಸಿ, ಹಕ್ಕಿ ನೋಡುವವರಿಗೆ ನೂರು ಅಡಿ ಮೇಲಕ್ಕೆ ದಾರಿ ಮಾಡಿತು. ಹಿಂದಿನವರು ಏನು ಬಿಟ್ಟು ಹೋದರು, ಈಗ ಏನು ಕೊರತೆ ಎಂದು ನೋಡಿಯೇ ಪ್ರತಿ ತಂಡವೂ ಕೈ ಹಾಕಿತು.

ಗ್ರೀನ್ಸ್‌ಬರೊ ಊರಿನ ಲಯನ್ಸ್ ಪಾರ್ಕಿನಲ್ಲಿ ಇದೇ ಪದ್ಧತಿ ಇನ್ನೂ ದೀರ್ಘವಾಗಿ ನಡೆಯಿತು. ಸುಮಾರು 40 ಎಕರೆಯ ಜಾಗ. ಮೊದಲು ಬೇಸ್‌ಬಾಲ್ ಮೈದಾನ, ಆಮೇಲೆ ಶೌಚಾಲಯ, ಸ್ಕೇಟಿಂಗ್ ಅಂಗಳ, 2010ರ ಹೊತ್ತಿಗೆ ಮಕ್ಕಳ ಆಟದ ಜಾಗ. ಆ ಕೊನೆಯದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪುದೀನ ಎಣ್ಣೆ ಸಾಗಿಸಲು ಬಳಸಿದ್ದ ಸುಮಾರು ಎರಡು ಸಾವಿರ ಡ್ರಮ್ಮುಗಳು ತಂಡಕ್ಕೆ ದಾನವಾಗಿ ಬಂದವು. 55 ಗ್ಯಾಲನ್ನಿನವು, ಅಂದರೆ ನಮ್ಮ ಕಟ್ಟಡ ಕೆಲಸದ ಜಾಗಗಳಲ್ಲಿ ನೀರು ತುಂಬಿಡುವ ಇನ್ನೂರು ಲೀಟರಿನ ಡ್ರಮ್ಮಿನ ಅಳತೆಯವೇ. ಸತುವಿನ ಲೇಪವಿದ್ದದ್ದರಿಂದ ಮಳೆಗೆ ಬೇಗ ತುಕ್ಕು ಹಿಡಿಯುವಂಥವಲ್ಲ. ವಿದ್ಯಾರ್ಥಿಗಳು ಕೆಲವನ್ನು ನೆಲದ ಮೇಲೆ ಸಾಲಾಗಿ ಕೂರಿಸಿ ಮಕ್ಕಳು ಓಡಿ ಅಡಗುವ ಸುತ್ತುದಾರಿ ಮಾಡಿದರು. ಉಳಿದವನ್ನು ಎತ್ತರಿಸಿ ಮಕ್ಕಳ ತಲೆಯ ಮೇಲೆ ನೆರಳಾಗಿ ಜೋಡಿಸಿದರು. ಗುಜರಿಗೆ ಹೋಗಬೇಕಾದ ಒಂದೇ ಸಾಮಾನಿನಿಂದ ಗೋಡೆಯೂ ಆಯಿತು, ಮಾಡೂ ಆಯಿತು.

ಹೀಗೆ ಕೈಯಾರೆ ಕಟ್ಟುವಾಗ ಪುಸ್ತಕದ ಎಷ್ಟೋ ಮಾತುಗಳಿಗೆ ಮೈ ಬರುತ್ತದೆ. ಗಾಳಿಯ ವಿಷಯವನ್ನೇ ನೋಡಿ. ಗೋಡೆಯಿಲ್ಲದ ಹಗುರ ಚಾವಣಿಯ ಅಡಿಗೆ ಬಿರುಗಾಳಿ ನುಗ್ಗಿದರೆ ಅದು ಕೆಳಗೆ ಕುಸಿಯುವುದಕ್ಕಿಂತ ಮೇಲಕ್ಕೆ ಹಾರುವ ಭಯವೇ ಹೆಚ್ಚು. ಪಾಯ ಇಲ್ಲಿ ಭಾರ ಹೊರಲು ಎಷ್ಟು ಬೇಕೋ, ಕಂಬವನ್ನು ಕೆಳಗೆ ಹಿಡಿದಿಡಲೂ ಅಷ್ಟೇ ಬೇಕು. ಅಲಬಾಮಾ ಸುಂಟರಗಾಳಿಯ ನಾಡು. ನಮ್ಮಲ್ಲೂ ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಗಾಳಿಗೆ ಶೀಟು ಹಾರುವುದು ಹೊಸದೇನಲ್ಲ. ಬೋಲ್ಟಿನ ಕೆಳಗೆ ವಾಷರ್ ಯಾಕೆ, ತೂತು ಎಷ್ಟು ದೊಡ್ಡದಿರಬೇಕು ಎಂಬುದನ್ನು ಏಣಿಯ ಮೇಲೆ ನಿಂತು ಕಲಿತವರ ನಕ್ಷೆಗಳೇ ಬೇರೆ ಇರುತ್ತವೆ.

ಹಾಗೆಂದು ಅಲಬಾಮಾದ ನಕ್ಷೆಯನ್ನು ತಂದು ಇಲ್ಲಿ ನಿಲ್ಲಿಸಿದರೆ ಕೆಟ್ಟಿತು. ಗ್ರೀನ್ಸ್‌ಬರೊದಲ್ಲಿ ವರ್ಷವಿಡೀ ನಡುಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಹಾಗೂ ಆಗಸ್ಟ್ ನಡುವಿನಲ್ಲಿ ಸೂರ್ಯ ನೆತ್ತಿಗೇ ಬರುತ್ತಾನೆ; ಈ ಎರಡರ ಮಧ್ಯದ ತಿಂಗಳುಗಳಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ಇಲ್ಲಿನ ಚಾವಣಿ ಎರಡೂ ಕಡೆಗೆ ಚಾಚಬೇಕು, ಪಶ್ಚಿಮದ ಇಳಿಬಿಸಿಲಿಗೆ ಜಾಲಂಧ್ರವೋ ಬಳ್ಳಿ ಹಬ್ಬಿಸಿದ ಚಪ್ಪರವೋ ಬೇಕು.

ಬೆಂಗಳೂರಿನಲ್ಲಿ ಈಗ ಇಂಥ ನೆರಳಿಗೆ ತುರ್ತು ಹೆಚ್ಚಿದೆ. ಮೊದಲು ಹಗಲಿನ ನಡುವೆ ಕೆಲವು ಗಂಟೆ ಮುಚ್ಚಿರುತ್ತಿದ್ದ ಪಾರ್ಕುಗಳನ್ನು 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನವಾಯಿತು. ವಾಕಿಂಗ್ ಬರುವವರಿಗೆ ಇದರಿಂದ ದೊಡ್ಡ ವ್ಯತ್ಯಾಸವಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಲು ಜಾಗ ಹುಡುಕುವ ಪೌರಕಾರ್ಮಿಕರಿಗೆ, ಎರಡು ಆರ್ಡರಿನ ನಡುವೆ ಬೈಕ್ ನಿಲ್ಲಿಸಿ ಕೂರುವ ಡೆಲಿವರಿ ಹುಡುಗರಿಗೆ ಗೇಟು ತೆರೆದದ್ದು ದೊಡ್ಡ ಉಪಕಾರ. ಅವರು ಬರುವ ಹೊತ್ತಿಗೇ ಪಾರ್ಕಿನಲ್ಲಿ ನೆರಳು ಕಡಿಮೆ.

ಆ ನೆರಳನ್ನು ನಮ್ಮ ವಾಸ್ತುಶಿಲ್ಪ ವಿದ್ಯಾರ್ಥಿಗಳೇ ಕಟ್ಟಬಹುದು. ನಮ್ಮಲ್ಲಿ ಬಿ.ಆರ್ಕ್. ಐದು ವರ್ಷದ ಓದು. ರಾತ್ರಿಯೆಲ್ಲ ಎದ್ದು ಮಾಡಿದ ಮಾಡೆಲ್ಲುಗಳು ಪರೀಕ್ಷಕರ ಜ್ಯೂರಿ ಮುಗಿದ ಮೇಲೆ ಮೂಲೆ ಸೇರುತ್ತವೆ. ಇಷ್ಟು ಬುದ್ಧಿ, ಇಷ್ಟು ದುಡಿಮೆ ಹಾಗೆ ಹೋಗುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಒಂದು ಕಾಲೇಜು ಹತ್ತಿರದ ಒಂದೇ ಪಾರ್ಕನ್ನು ಹತ್ತು ವರ್ಷಕ್ಕೆ ತನ್ನದು ಮಾಡಿಕೊಳ್ಳಲಿ. ಮೊದಲ ವರ್ಷದ ತಂಡ ಏನನ್ನೂ ಕಟ್ಟುವುದು ಬೇಡ. ಚಳಿಗಾಲದ ಒಂದು ದಿನ, ಬೇಸಿಗೆಯ ಒಂದು ದಿನ ಬೆಳಗಿನಿಂದ ಸಂಜೆವರೆಗೆ ಗಂಟೆಗೊಮ್ಮೆ ಸುಣ್ಣದಪುಡಿಯಲ್ಲಿ ನೆರಳಿನ ಗೆರೆ ಎಳೆಯಲಿ. ಯಾರು ಯಾವ ಹೊತ್ತಿಗೆ ಎಲ್ಲಿ ಕೂರುತ್ತಾರೆ ಎಂದು ಬರೆದಿಡಲಿ. ಮಾಲಿಯ ಮಾತು ಕೇಳಲಿ. ಎರಡನೆಯ ತಂಡ ಒಂದು ಚಪ್ಪರ ಕಟ್ಟಲಿ. ಪಾಯಕ್ಕೂ ಕಂಬಕ್ಕೂ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಬೇಕೇ ಬೇಕು, ವೆಲ್ಡಿಂಗಿಗೆ ಅನುಭವಸ್ಥ ಮೇಸ್ತ್ರಿ ಪಕ್ಕದಲ್ಲಿರಬೇಕು. ಮೂರನೆಯ ತಂಡ ಹೊಸದಕ್ಕೆ ಕೈ ಹಾಕುವ ಮೊದಲು ಹಳೆಯ ಚಪ್ಪರದ ಬೋಲ್ಟು ಬಿಗಿ ಮಾಡಿ, ಬಣ್ಣ ಬಳಿದು, ನೆರಳು ಎಲ್ಲಿ ತಪ್ಪಿದೆ ಎಂದು ಅಳೆದು, ಅದರ ವರದಿಗೇ ಮೊದಲ ಸೆಮಿಸ್ಟರಿನ ಅಂಕ ಪಡೆಯಲಿ.