ಹೆದ್ದಾರಿ ಬದಿಯ ಜಮೀನು ಮತ್ತು ವಿದ್ಯುತ್ ಕಾರಿನ ಚಾರ್ಜಿಂಗ್ ಕೇಂದ್ರ



ಹೆದ್ದಾರಿಗೆ ಹೊಂದಿಕೊಂಡ ಹಳ್ಳಿಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ. “ರಸ್ತೆ ಬದಿಯ ನಮ್ಮ ಹತ್ತು ಗುಂಟೆಯನ್ನು ಕಾರು ಚಾರ್ಜ್ ಮಾಡುವ ಕೇಂದ್ರಕ್ಕೆ ಕೇಳುತ್ತಿದ್ದಾರೆ. ಕೊಡಬಹುದೇ? ಅದರಿಂದ ನಮ್ಮ ಪಂಪ್‌ಸೆಟ್ಟಿನ ಕರೆಂಟಿಗೆ ಕುತ್ತು ಬಂದೀತೇ?” ಇದು ಬೆಳೆಯ ವಿಷಯವಲ್ಲ, ನಿಜ. ಆದರೆ ಜಮೀನು, ಕರೆಂಟು ಇವೆರಡೂ ರೈತನ ಜೀವನಾಧಾರ. ಆದ್ದರಿಂದ ಸಹಿ ಹಾಕುವ ಮೊದಲು ನೀವು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕೊಡಲಾಗಿದೆ.

ಹೆದ್ದಾರಿಯಲ್ಲೇ ಏಕೆ?

ವಿದ್ಯುತ್ ಕಾರು ಇಟ್ಟುಕೊಂಡವರು ದಿನನಿತ್ಯದ ಓಡಾಟಕ್ಕೆ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳುತ್ತಾರೆ. ತೊಂದರೆ ಬರುವುದು ದೂರ ಪ್ರಯಾಣದಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರ್. ಈಗ ಓಡುತ್ತಿರುವ ಹಲವು ಕಾರುಗಳು ಒಮ್ಮೆ ಚಾರ್ಜ್ ಮಾಡಿದರೆ ಹೆದ್ದಾರಿಯಲ್ಲಿ 250ರಿಂದ 300 ಕಿಲೋಮೀಟರ್ ಹೋಗುತ್ತವೆ. ಅಂದರೆ ಚಿತ್ರದುರ್ಗ, ದಾವಣಗೆರೆಯ ಆಸುಪಾಸಿನಲ್ಲಿ ಒಮ್ಮೆ ನಿಲ್ಲಲೇಬೇಕು. ಮಂಗಳೂರಿನಿಂದ ಶಿರಾಡಿ ಘಾಟಿ ಏರಿ ಬರುವ ಕಾರಿಗೆ ಏರಿನಲ್ಲಿ ಹೆಚ್ಚು ಶಕ್ತಿ ಬೇಕು. ಇಳಿಯುವಾಗ ಮೋಟಾರೇ ಜನರೇಟರಿನಂತೆ ತಿರುಗಿ ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ.

ಈ ಕಾರಣದಿಂದಲೇ ಕೇಂದ್ರ ವಿದ್ಯುತ್ ಸಚಿವಾಲಯವು 2022ರ ಜನವರಿಯ ಮಾರ್ಗಸೂಚಿಯಲ್ಲಿ ಹೆದ್ದಾರಿಯ ಎರಡೂ ಬದಿಗೆ ಪ್ರತಿ 25 ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕೆಂದು ಹೇಳಿತು. 2024ರ ಸೆಪ್ಟೆಂಬರಿನ ಮಾರ್ಗಸೂಚಿಯಲ್ಲಿ ಈ ಅಂತರವನ್ನು 20 ಕಿಲೋಮೀಟರಿಗೆ ಇಳಿಸಲಾಯಿತು. ಬಸ್ಸು ಲಾರಿಗಳಿಗೆ ಪ್ರತಿ 100 ಕಿಲೋಮೀಟರಿಗೆ ಒಂದು ಎಂದಿದೆ. 2023ರ ಮಾರ್ಚಿಯಲ್ಲಿ ಮೂರು ಸರ್ಕಾರಿ ತೈಲ ಕಂಪನಿಗಳಿಗೆ 7,432 ವೇಗದ ಚಾರ್ಜಿಂಗ್ ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿ ಮಂಜೂರಾಯಿತು. 2024ರ ಅಕ್ಟೋಬರಿನಲ್ಲಿ ಆರಂಭವಾದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆಂದೇ 2,000 ಕೋಟಿ ರೂಪಾಯಿ ತೆಗೆದಿರಿಸಲಾಗಿದೆ. ಇದು ರೈತನ ಖಾತೆಗೆ ನೇರವಾಗಿ ಬರುವ ಸಹಾಯಧನವಲ್ಲ ಎಂಬುದನ್ನು ನೆನಪಿಡಿ.

ನಮ್ಮ ರಾಜ್ಯ 2017ರಲ್ಲೇ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿ ದೇಶದಲ್ಲಿ ಮೊದಲಿಗನಾಯಿತು. 2024ರ ಅಂಕಿಗಳ ಪ್ರಕಾರ 5,000ಕ್ಕೂ ಹೆಚ್ಚು ಸಾರ್ವಜನಿಕ ಕೇಂದ್ರಗಳಿದ್ದು ದೇಶಕ್ಕೇ ಪ್ರಥಮ ಸ್ಥಾನದಲ್ಲಿತ್ತು. ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯಲ್ಲೇ ಇದ್ದವು. ಹೆದ್ದಾರಿಯ ಕೊರತೆ ತುಂಬಬೇಕಾಗಿರುವುದರಿಂದಲೇ ನಿಮ್ಮ ಜಮೀನಿನ ಮೇಲೆ ಕಣ್ಣು ಬಿದ್ದಿದೆ.

ವೇಗದ ಚಾರ್ಜಿಂಗ್ ಎಂದರೇನು?

ತಂತಿಯಲ್ಲಿ ಬರುವುದು ಎ.ಸಿ. ಕರೆಂಟು, ಬ್ಯಾಟರಿಯಲ್ಲಿ ನಿಲ್ಲುವುದು ಡಿ.ಸಿ. ಕರೆಂಟು. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಹಾಕಿದಾಗ ಕಾರಿನೊಳಗಿನ ಸಣ್ಣ ಉಪಕರಣ ಈ ಬದಲಾವಣೆ ಮಾಡುತ್ತದೆ. ಅದರಿಂದ ಗಂಟೆಗೆ ಸುಮಾರು 3 ಯೂನಿಟ್ ಮಾತ್ರ ತುಂಬುತ್ತದೆ. ವೇಗದ ಚಾರ್ಜರಿನಲ್ಲಿ ಈ ಕೆಲಸವನ್ನು ಹೊರಗಿನ ದೊಡ್ಡ ಯಂತ್ರ ಮಾಡಿ, ಡಿ.ಸಿ. ಕರೆಂಟನ್ನು ನೇರವಾಗಿ ಬ್ಯಾಟರಿಗೆ ಕೊಡುತ್ತದೆ. 60 ಕಿಲೋವಾಟ್ ಚಾರ್ಜರಿಗೆ ಸಿಕ್ಕಿಸಿದರೆ, 45 ಯೂನಿಟ್ ಬ್ಯಾಟರಿಯ ಕಾರು 20 ಭಾಗದಿಂದ 80 ಭಾಗಕ್ಕೆ ತುಂಬಲು ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. 80 ಭಾಗ ದಾಟಿದ ಮೇಲೆ ವೇಗ ಇಳಿಯುತ್ತದೆ. ಕೊಡ ಬಾಯಿವರೆಗೆ ತುಂಬುವಾಗ ನಲ್ಲಿಯನ್ನು ಸಣ್ಣ ಮಾಡುತ್ತೇವಲ್ಲ, ಹಾಗೆ.

ಪಂಪ್‌ಸೆಟ್ಟಿನ ಲೆಕ್ಕದಲ್ಲಿ ನೋಡಿ

ಒಂದು 5 ಎಚ್.ಪಿ. ಪಂಪ್‌ಸೆಟ್ಟಿನ ಶಕ್ತಿ ಸುಮಾರು 3.7 ಕಿಲೋವಾಟ್. ಹಾಗಾದರೆ 60 ಕಿಲೋವಾಟಿನ ಒಂದೇ ಚಾರ್ಜರು ಇಂಥ 16 ಪಂಪ್‌ಸೆಟ್ಟುಗಳು ಒಟ್ಟಿಗೆ ಓಡಿದ್ದಕ್ಕೆ ಸಮ. ನಿಮ್ಮ ಹೊಲದ ಪಕ್ಕದ 25 ಕೆ.ವಿ.ಎ. ಟಿ.ಸಿ. ಇದನ್ನು ಹೊರಲಾರದು. 63 ಕೆ.ವಿ.ಎ. ಟಿ.ಸಿ.ಯ ಪೂರ್ತಿ ಶಕ್ತಿಯೂ ಇದೊಂದಕ್ಕೇ ಹೋಗುತ್ತದೆ. ಆದ್ದರಿಂದ ಕೇಂದ್ರಕ್ಕೆ ಪ್ರತ್ಯೇಕ ಟಿ.ಸಿ. ಇರಬೇಕು, ಪಂಪ್‌ಸೆಟ್ಟಿನ ಟಿ.ಸಿ.ಯಿಂದ ಸಂಪರ್ಕ ಪಡೆಯಲು ಯಾರಾದರೂ ಮುಂದಾದರೆ ಊರಿನವರೆಲ್ಲ ಸೇರಿ ಲಿಖಿತ ಆಕ್ಷೇಪಣೆ ಸಲ್ಲಿಸಿ. ಕೇಂದ್ರಕ್ಕೆ ಕರೆಂಟು ಬರುವ 11 ಕೆ.ವಿ. ಫೀಡರ್ ಯಾವುದು, ಪಂಪ್‌ಸೆಟ್ಟುಗಳ ಫೀಡರೇ ಆಗಿದೆಯೇ ಎಂಬುದನ್ನು ಸೆಕ್ಷನ್ ಕಚೇರಿಯಲ್ಲಿ ವಿಚಾರಿಸಬೇಕು.

ಇನ್ನೊಂದು ಎಚ್ಚರಿಕೆ. ನಮ್ಮ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ಕರೆಂಟು ಉಚಿತ. ಆ ಸಂಪರ್ಕದಿಂದ ತಂತಿ ಎಳೆದು ಹಾದಿಹೋಕರ ಕಾರು, ಸ್ಕೂಟರ್ ಚಾರ್ಜ್ ಮಾಡಿ ಹಣ ಪಡೆಯುವ ಆಸೆ ಬೇಡ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಕರೆಂಟು ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೇ ಕಲಮಿನ ಪ್ರಕಾರ ಅನಧಿಕೃತ ಬಳಕೆ. ದರದ ಎರಡರಷ್ಟು ವಸೂಲಾಗುತ್ತದೆ.

ನ್ಯಾಯವಾಗಿ ಕೇಂದ್ರ ನಡೆಸಲು ವಿದ್ಯುತ್ ಮಾರಾಟದ ಲೈಸೆನ್ಸ್ ಬೇಕಿಲ್ಲ. ಚಾರ್ಜ್ ಮಾಡಿಕೊಡುವುದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ ಎಂದು 2018ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿದೆ. ಈ ಬಳಕೆಗೆ ವಿದ್ಯುತ್ ನಿಯಂತ್ರಣ ಆಯೋಗ ಪ್ರತ್ಯೇಕ ದರ ಗೊತ್ತುಮಾಡುತ್ತದೆ. ಬಿಸಿಲಿರುವ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ದರ ಕಡಿಮೆಯಿರಲಿ, ಉಳಿದ ಹೊತ್ತು ಹೆಚ್ಚಿರಲಿ ಎಂಬುದು 2024ರ ಕೇಂದ್ರ ಮಾರ್ಗಸೂಚಿಯ ಸಲಹೆ.

“ಸೋಲಾರ್ ಹಾಕಿದರೆ ಕರೆಂಟು ಪುಕ್ಕಟೆಯಲ್ಲವೇ?” ಎಂದು ಕೇಳುವವರಿದ್ದಾರೆ. ಒಂದು ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅದಕ್ಕೆ ಸುಮಾರು 100 ಚದರಡಿ ಜಾಗ ಬೇಕು. ದಿನಕ್ಕೆ 200 ಯೂನಿಟ್ ಬೇಕಾದರೆ 50 ಕಿಲೋವಾಟ್ ಫಲಕ, ಸುಮಾರು 5 ಗುಂಟೆ ಜಾಗ. ಫಲಕಗಳು ಬಿಲ್ಲನ್ನು ಇಳಿಸುತ್ತವೆ, ನಿಜ. ಆದರೆ ಮೋಡದ ದಿನ ಮತ್ತು ರಾತ್ರಿ ಗ್ರಿಡ್ ಇಲ್ಲದೆ ನಡೆಯದು.

ಆದಾಯದ ಲೆಕ್ಕ

ಸ್ವಂತ ಬಂಡವಾಳ ಹಾಕಿ ವೇಗದ ಚಾರ್ಜರ್ ಇಡುವುದು ಹಲವು ಲಕ್ಷದ ಮಾತು. ಸಾಲ ಮಾಡಿ ಇದಕ್ಕೆ ಕೈಹಾಕುವುದು ಸಣ್ಣ ಹಿಡುವಳಿದಾರರಿಗೆ ತಕ್ಕುದಲ್ಲ. ಬಹುತೇಕ ರೈತರಿಗೆ ಬರುವ ಪ್ರಸ್ತಾಪ ಜಮೀನಿನ ಗುತ್ತಿಗೆಯದು. ಇದರಲ್ಲಿ ಎರಡು ಬಗೆ: ತಿಂಗಳ ಬಾಡಿಗೆ, ಇಲ್ಲವೇ ಯೂನಿಟ್ಟಿಗೆ ಇಷ್ಟೆಂದು ಪಾಲು. 2022ರ ಮಾರ್ಗಸೂಚಿಯಲ್ಲಿ ಸರ್ಕಾರಿ ಜಾಗಕ್ಕೆ ಯೂನಿಟ್ಟಿಗೆ 1 ರೂಪಾಯಿ ಪಾಲು ಹೇಳಲಾಗಿತ್ತು. ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಲೆಕ್ಕ ಹಾಕಿ.

ದಿನಕ್ಕೆ 10 ಕಾರು ಬಂದು ತಲಾ 20 ಯೂನಿಟ್ ತುಂಬಿಸಿದರೆ 200 ಯೂನಿಟ್. ನಿಮಗೆ 200 ರೂಪಾಯಿ, ತಿಂಗಳಿಗೆ 6,000. ಬರೀ 2 ಕಾರು ಬಂದರೆ ದಿನಕ್ಕೆ 40 ರೂಪಾಯಿ, ತಿಂಗಳಿಗೆ 1,200. ಯಂತ್ರ ಕೆಟ್ಟು ನಿಂತರೆ ಸೊನ್ನೆ. ಅದೇ ಜಾಗದಲ್ಲಿ ಹೂವು, ತರಕಾರಿಯಿಂದ ನಿಮಗೆ ಈಗ ಎಷ್ಟು ಉಳಿಯುತ್ತಿದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಆದ್ದರಿಂದ ಪಾಲನ್ನು ಮಾತ್ರ ನಂಬದೆ, ಕನಿಷ್ಠ ಬಾಡಿಗೆಯೊಂದನ್ನು ಗೊತ್ತುಮಾಡಿಕೊಂಡು ಅದರ ಮೇಲೆ ಪಾಲು ಕೇಳುವುದು ಲೇಸು.

ಕಾದು ಕುಳಿತ ಗಿರಾಕಿ

ನಿಜವಾದ ಲಾಭ ಬೇರೆಡೆ ಇದೆ. ಪೆಟ್ರೋಲ್ ಹಾಕಿಸಿದವರು ಐದು ನಿಮಿಷಕ್ಕೆ ಹೊರಡುತ್ತಾರೆ. ಚಾರ್ಜಿಗೆ ನಿಂತವರು ಮುಕ್ಕಾಲು ಗಂಟೆ ಅಲ್ಲೇ ಇರುತ್ತಾರೆ. ಮಕ್ಕಳು ಮರಿ ಇದ್ದ ಸಂಸಾರಕ್ಕೆ ನೆರಳು, ಕುಡಿಯುವ ನೀರು, ಚೊಕ್ಕಟವಾದ ಶೌಚಾಲಯ, ರಾತ್ರಿ ಹೊತ್ತು ದೀಪ ಬೇಕು. ಇವಿದ್ದ ಕಡೆ ಎಳನೀರು, ಬಾಳೆಹಣ್ಣು, ಸೀಬೆ, ಹುರಿಗಡಲೆ, ಬೆಲ್ಲ, ಗಾಣದ ಎಣ್ಣೆ ಎಲ್ಲಕ್ಕೂ ಗಿರಾಕಿಯುಂಟು, ನಡುವೆ ದಲ್ಲಾಳಿಯಿಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿಯನ್ನು ನೋಡಿ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಈ ರಸ್ತೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಊರುಗಳ ಹೊರಗೇ ಹಾದುಹೋಗುತ್ತದೆ. ಹಳೆಯ ರಸ್ತೆಯ ಬದಿಯಲ್ಲಿ ವಡೆ, ಗೊಂಬೆ, ಎಳನೀರು ಮಾರುತ್ತಿದ್ದವರಿಗೆ ಹಾದುಹೋಗುವ ಗಿರಾಕಿ ಕಡಿಮೆಯಾದರು. ಇಂಥ ಕಡೆ ನಿಲ್ಲಲು ಒಂದು ಕಾರಣ ಕೊಟ್ಟರೆ ಮಾತ್ರ ಕಾರು ನಿಲ್ಲುತ್ತದೆ. ಅದಕ್ಕಾಗಿ ಗುತ್ತಿಗೆ ಪತ್ರದಲ್ಲಿ ಮಳಿಗೆ ಇಡುವ ಹಕ್ಕನ್ನು ನಿಮ್ಮ ಬಳಿಯೇ ಉಳಿಸಿಕೊಳ್ಳಿ. ಒಬ್ಬರಿಗೆ ಆಗದಿದ್ದರೆ ಊರಿನ ರೈತ ಉತ್ಪಾದಕರ ಸಂಸ್ಥೆ ಇಲ್ಲವೇ ಸ್ತ್ರೀಶಕ್ತಿ ಸಂಘ ನಡೆಸಬಹುದು.

ಸಹಿಗೆ ಮುನ್ನ

1. ಪಹಣಿಯಲ್ಲಿ ಹೆಸರಿರುವ ಎಲ್ಲ ಪಾಲುದಾರರ ಒಪ್ಪಿಗೆ ಬರಹದಲ್ಲಿರಲಿ. ಜಮೀನಿನ ಮೇಲೆ ಬ್ಯಾಂಕ್ ಅಥವಾ ಸಹಕಾರ ಸಂಘದ ಸಾಲವಿದ್ದರೆ ಅವರ ಒಪ್ಪಿಗೆಯೂ ಬೇಕು.

2. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಭೂ ಕಂದಾಯ ಕಾಯಿದೆಯ 95ನೇ ಕಲಮಿನಂತೆ ಪರಿವರ್ತನೆ ಆಗಬೇಕು. ಅದರ ಖರ್ಚು ಯಾರದ್ದೆಂದು ಮೊದಲೇ ತೀರ್ಮಾನಿಸಿ. ಒಮ್ಮೆ ಕಾಂಕ್ರೀಟ್ ಬಿದ್ದ ನೆಲ ಮತ್ತೆ ಸುಲಭವಾಗಿ ಉಳುಮೆಗೆ ಬಾರದು.

3. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯಿದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಗುತ್ತಿಗೆಗೆ ಕೊಡುವಂತಿಲ್ಲ.

4. ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ಪತ್ರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಬಿಳಿ ಹಾಳೆಯ ಕರಾರು ಬೇಡ.

5. ರಾಷ್ಟ್ರೀಯ ಹೆದ್ದಾರಿಯಿಂದ ಜಮೀನಿಗೆ ದಾರಿ ಬಿಡಲು ಹೆದ್ದಾರಿ ಇಲಾಖೆಯ ಅನುಮತಿ ಬೇಕು. ದಾರಿಯೇ ಇಲ್ಲದ ಕೇಂದ್ರ ಹೆದ್ದಾರಿಗೆ ಎಷ್ಟು ಹತ್ತಿರವಿದ್ದರೂ ವ್ಯರ್ಥ.

6. ಅವಧಿ, ಬಾಡಿಗೆಯ ಏರಿಕೆ, ಕರೆಂಟ್ ಬಿಲ್ಲಿನ ಹೊಣೆ, ಕಂಪನಿ ಬಿಟ್ಟುಹೋದರೆ ಯಂತ್ರ ಮತ್ತು ಕಾಂಕ್ರೀಟ್ ತೆಗೆಯುವ ಹೊಣೆ ಇವೆಲ್ಲ ಪತ್ರದಲ್ಲಿ ಸ್ಪಷ್ಟವಾಗಿರಲಿ. ಮೀಟರ್ ನಿಮ್ಮ ಹೆಸರಿನಲ್ಲಿದ್ದರೆ ಬಾಕಿಯೂ ನಿಮ್ಮದೇ ಆಗುತ್ತದೆ.

7. “ಮುಂಗಡ ಕಟ್ಟಿ, ಕೇಂದ್ರ ಮಂಜೂರು ಮಾಡಿಸುತ್ತೇವೆ” ಎನ್ನುವವರನ್ನು ನಂಬಬೇಡಿ. ಮೊಬೈಲ್ ಟವರಿನ ಹೆಸರಿನಲ್ಲಿ ಹೀಗೆಯೇ ಹಣ ಕಳೆದುಕೊಂಡವರಿದ್ದಾರೆ. ಜಮೀನು ಕೇಳಲು ಬಂದವರು ಹಣ ಕೊಡಬೇಕೇ ಹೊರತು ನೀವು ಕೊಡುವುದಲ್ಲ.

8. ಮಳೆ ನೀರು ನಿಲ್ಲದ ಎತ್ತರದ ಜಾಗ, ಸರಿಯಾದ ಅರ್ಥಿಂಗ್, ದನಕರು ಮಕ್ಕಳು ಹೋಗದಂತೆ ಬೇಲಿ ಇರಲಿ.

ಸಣ್ಣದಾಗಿ ಆರಂಭಿಸಬಹುದು

ದೊಡ್ಡ ಯಂತ್ರವೇ ಬೇಕೆಂದಿಲ್ಲ. ರಸ್ತೆ ಬದಿಯಲ್ಲಿ ಹೋಟೆಲ್, ಅಂಗಡಿ ಇರುವವರು ನಿಯಮದಂತೆ ಸಂಪರ್ಕ ಪಡೆದು ಸ್ಕೂಟರ್, ಆಟೋಗಳಿಗೆ 3.3 ಕಿಲೋವಾಟಿನ ಸಣ್ಣ ಪಾಯಿಂಟ್ ಇಡಬಹುದು. ಇದರ ಭಾರ ಒಂದು 5 ಎಚ್.ಪಿ. ಪಂಪ್‌ಸೆಟ್ಟಿಗಿಂತ ಕಡಿಮೆ. ಗಿರಾಕಿ ಬರುವುದನ್ನು ನೋಡಿಕೊಂಡು ಮುಂದುವರಿಯಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಇಲ್ಲಿಯೂ ಜಾಣತನ.

ಚಾರ್ಜಿಂಗ್ ಕೇಂದ್ರಗಳಿಗೆ ನಮ್ಮ ರಾಜ್ಯದಲ್ಲಿ ಬೆಸ್ಕಾಂ ನೋಡಲ್ ಸಂಸ್ಥೆ. ದರ ಮತ್ತು ಸಂಪರ್ಕದ ವಿವರಗಳನ್ನು ನಿಮ್ಮ ಭಾಗದ ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಯಲ್ಲಿ, ಪರಿವರ್ತನೆಯ ವಿಷಯವನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಕರಡು ಪತ್ರವನ್ನು ಮನೆಗೆ ತಂದು, ಓದಿಸಿ, ತಿಳಿದವರಿಗೆ ತೋರಿಸಿ. ಹತ್ತು ವರ್ಷದ ಗುತ್ತಿಗೆಗೆ ಹತ್ತು ದಿನ ಯೋಚಿಸಿದರೆ ನಷ್ಟವೇನೂ ಇಲ್ಲ.